ಕಾಕಾನ ಕಾರಿಗೆ ದೊಡ್ಡ ಗಾಲಿ

ಕಾಕಾನ ಕಾರು ನನ್ನದಾಗಬೇಕಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ನಗಿಸುತ್ತ ಹೋದರೆ ನೀವು ಮರೆತುಬಿಡುತ್ತೀರಿ. ನಮ್ಮ ಮನೆಯವರು ಮರೆತದ್ದೂ ಹಾಗೆಯೇ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಇಂಡಿಯಲ್ಲಿ ನಮ್ಮ ಮನೆ, ಅವರ ಮನೆ ಎದುರುಬದುರು. ಅವರಿಗೆ ನಿಂಬೆ ತೋಟ, ತೋಟದ ಜೊತೆಗೆ ಬಂದ ಗತ್ತು. ನಮಗೆ ಅಪ್ಪನ ಮಾಸ್ತರಿಕೆ, ಅದರ ಜೊತೆಗೆ ಬಂದ ಹಳೆಯ ಬೈಕು. ಕಾರು ಇದ್ದದ್ದು ಅವರ ಮನೆಯಲ್ಲಿ, ಅದನ್ನು ಓಡಿಸಲು ಬರುತ್ತಿದ್ದವನು ನಮ್ಮ ಮನೆಯಲ್ಲಿ. ಕಾಕಾನ ಮಗ, ಅಂದರೆ ನನ್ನ ಅಣ್ಣ, ಲೈಸೆನ್ಸ್ ಮಾತ್ರ ಮಾಡಿಸಿಕೊಂಡಿದ್ದ. ಎದುರಿಗೆ ಎಮ್ಮೆ ಕಂಡರೆ ಎಮ್ಮೆಗಿಂತ ಮೊದಲು ಅವನೇ ದಾರಿ ಬಿಡುತ್ತಿದ್ದ. ಹಾಗಾಗಿ ಕಾಕಾನ ಹೆಂಡತಿ ಚಿಗವ್ವನನ್ನು ಬಸವನ ಬಾಗೇವಾಡಿಯ ತವರಿಗೆ ಕರೆದೊಯ್ಯುವುದು, ಕಾಕಾನನ್ನು ಸಿಂದಗಿಯ ಕೋರ್ಟಿಗೆ ಇಳಿಸುವುದು, ಯಾರದೋ ಸೀಮಂತಕ್ಕೆ ಸಾಲೋಟಗಿಗೆ ಹೋಗಿ ಬುತ್ತಿ ಹೊತ್ತು ತರುವುದು, ಎಲ್ಲ ನನ್ನ ಪಾಲಿಗೆ. ಸಂಬಳದ ಮಾತು ಬರುತ್ತಿರಲಿಲ್ಲ. ರಕ್ತಸಂಬಂಧ ಇರುವಲ್ಲಿ ಸಂಬಳ ಕೇಳಿದರೆ ರಕ್ತ ಬೇರೆ ಗುಂಪಿನದಾಗಿಬಿಡುತ್ತದೆ.

ನನ್ನ ಕಸುಬು ಮಿಮಿಕ್ರಿ. ಅದನ್ನು ಕಸುಬು ಎನ್ನುವವನು ನಾನೊಬ್ಬನೇ. ಮನೆಯಲ್ಲಿ ಅದರ ಹೆಸರು ಮಂಗಾಟ. ಶಾಲೆಯ ಗ್ಯಾದರಿಂಗ್, ಮದುವೆಯ ಆರತಕ್ಷತೆ, ಗಣಪತಿ ಪೆಂಡಾಲು, ಎಲ್ಲಿ ಕರೆದರೂ ಹೋಗುತ್ತೇನೆ. ಬಸ್ ನಿಲ್ದಾಣದಲ್ಲಿ ಮೂಗಿನಿಂದ ಊರುಗಳ ಹೆಸರು ಒದರುವವನು, ಕಚೇರಿಯ ಬಾಗಿಲಲ್ಲಿ ಸಾಹೇಬರಿಗಿಂತ ದೊಡ್ಡ ಸಾಹೇಬನಾಗಿ ನಿಲ್ಲುವ ಸಿಪಾಯಿ, ಚಳಿಯಲ್ಲಿ ಹೊತ್ತಿಕೊಳ್ಳದ ಟ್ರ್ಯಾಕ್ಟರು, ಸೀಟಿ ಹೊಡೆಯಲು ಮನಸ್ಸಿಲ್ಲದ ಕುಕ್ಕರು. ಕುಕ್ಕರಿಗಾಗಿ ಮುಖವನ್ನು ಬೇರೆ ಮಾಡಬೇಕಾಗಿಲ್ಲ, ಅದು ನನಗೆ ಹುಟ್ಟಿನಿಂದಲೇ ಬಂದಿದೆ.

ತೊಂದರೆಯೆಲ್ಲ ಸ್ಪೀಕರಿನದು. ನನ್ನಷ್ಟೇ ಭಾರದ ಡಬ್ಬಿ ಅದು. ಬಸ್ಸಿನಲ್ಲಿ ಒಯ್ದರೆ ಕಂಡಕ್ಟರು ಅದರ ಮುಖ ನೋಡಿ ಆಮೇಲೆ ನನ್ನ ಮುಖ ನೋಡಿ, ಇಬ್ಬರಲ್ಲಿ ಒಬ್ಬರು ಇಳಿಯಿರಿ ಎನ್ನುತ್ತಾನೆ. ಮೋರಟಗಿಯಲ್ಲಿ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಕೊನೆಯ ಬಸ್ಸು ಹೋಗಿರುತ್ತದೆ. ಮುದ್ದೇಬಿಹಾಳದವರು ಕರೆದಾಗಲೆಲ್ಲ, ಹೇಗೆ ಹೋಗಿಬರುವುದು ಎಂಬ ಒಂದೇ ಪ್ರಶ್ನೆಗೆ ಹೆದರಿ ಒಲ್ಲೆ ಎಂದಿದ್ದೇನೆ. ಒಂದು ಕಾರಿದ್ದರೆ ಸುತ್ತಲಿನ ನಾಲ್ಕೂ ತಾಲೂಕು ನನ್ನವು ಎಂದು ಲೆಕ್ಕ ಹಾಕುತ್ತಿದ್ದೆ.

ಇದು ಕಾಕಾನಿಗೂ ಗೊತ್ತಿತ್ತು. ಒಮ್ಮೆ ಅಮಾವಾಸ್ಯೆಯ ಊಟಕ್ಕೆ ಕುಳಿತಾಗ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ಎಲ್ಲರ ಎದುರಿಗೆ ಅವರೇ ಹೇಳಿದರು:

"ಅಣ್ಣನ ಲಗ್ನಾ ಕೂಡಿ ಬತ್ತಂದ್ರ ಹೊಸಾ ಗಾಡಿ ತಗೋತೇನಿ. ಇದು ನಿನಗ ನೋಡಪಾ. ನಿನ್ನ ಡಬ್ಬಿ ಹಾಕ್ಕೊಂಡು ಎಲ್ಲಿಗೆ ಬೇಕಾದಲ್ಲಿಗೆ ಹೋಗು."

"ಮಾತಿಗೆ ಮಾತೇನ್ರಿ ಕಾಕಾ?"

"ಎಲಿ ಮುಂದ ಕುಂತು ಸುಳ್ಳು ಹೇಳ್ತೇನೇನಲೇ?"

ಅಂದಿನಿಂದ ಆ ಕಾರನ್ನು ನಾನು ನನ್ನದೆಂದೇ ತೊಳೆದೆ. ಅಣ್ಣನ ಮದುವೆಗೆ ಅಣ್ಣನಿಗಿಂತ ಹೆಚ್ಚು ಹರಕೆ ಹೊತ್ತವನು ನಾನು.

ಆದರೆ ಕನ್ಯೆ ಕೂಡಿಬರಲಿಲ್ಲ. ಸಿಂದಗಿಯಲ್ಲಿ ಒಂದು ಮನೆಗೆ ಹೋದಾಗ ಒಳಗಿನಿಂದ ಯಾರೋ, "ಬಾಡಿಗಿ ಗಾಡ್ಯಾಗ ಬಂದಾರೇನ?" ಎಂದು ಕೇಳಿದ್ದು ಅಣ್ಣನ ಕಿವಿಗೆ ಬಿತ್ತು. ಹುಡುಗಿಯ ಮನೆಯವರು ಆಮೇಲೆ ಜಾತಕದ ನೆಪ ಹೇಳಿದರು. ಅಣ್ಣ ಮಾತ್ರ ದೋಷ ಇರುವುದು ಕಾರಿನಲ್ಲೇ ಎಂದು ತೀರ್ಮಾನಿಸಿದ. ತನ್ನಲ್ಲಿರಬಹುದು ಎಂಬ ಸಂಶಯ ಅವನಿಗೆ ಬರಲಿಲ್ಲ; ಬಂದಿದ್ದರೆ ನಮ್ಮ ಮನೆತನದವನೇ ಅಲ್ಲ ಎನ್ನಬೇಕಾಗುತ್ತಿತ್ತು.

ಮುಂದಿನ ಸಂಬಂಧ ಮುದ್ದೇಬಿಹಾಳದ್ದು, ದೊಡ್ಡ ಮನೆತನ. ಅದಕ್ಕಿಂತ ಮೊದಲು ಕಾರಿಗೆ ದೊಡ್ಡ ಗಾಲಿ ಹಾಕಿಸಬೇಕೆಂದು ಅಣ್ಣ ಹಟ ಹಿಡಿದ. ಸಿಂದಗಿಯಲ್ಲಿ ಒಂದು ಅಂಗಡಿ. ಅದರ ಮಾಲೀಕ ಕನ್ನಡಕವನ್ನು ನೆತ್ತಿಯ ಮೇಲೆ ಇಟ್ಟುಕೊಂಡು ಎಲ್ಲರಿಗೂ "ಸರ್" ಎನ್ನುತ್ತಿದ್ದ. ಹೊಳೆಯುವ ರಿಮ್ಮುಗಳು, ಅಗಲವಾದ ಟೈರುಗಳು ಗೋಡೆಯ ತುಂಬ ತೂಗುಹಾಕಿದ್ದವು. ಅಣ್ಣ ಒಂದು ಜೋಡಿಯ ಮುಂದೆ ನಿಂತ. ಕನ್ಯೆಯನ್ನು ನೋಡುವಾಗಲೂ ಅವನು ಹಾಗೆ ನಿಂತಿರಲಿಲ್ಲ.

"ಇದು ನಮ್ಮ ಗಾಡಿಗೆ ದೊಡ್ಡದಾಗಂಗಿಲ್ಲೇನ್ರಿ?" ಎಂದು ನಾನು ಕೇಳಿದೆ.

"ದೊಡ್ಡದ ಹಾಕಸಾಕ ಬಂದೀರಿ ಸರ್."

"ಹಂಗಲ್ರಿ. ಒಳಗಿನ ಸ್ಪ್ರಿಂಗ್ ಅವ ಹಳೇವ ಅದಾವು. ಮಂದಿ ಕುಂತು ಗಾಡಿ ಕೆಳಗಾದ್ರ ಗಾಲಿ ಮ್ಯಾಲಿನ ತಗಡಿಗೆ ಬಡೀತೈತಿ."

"ಸ್ಪ್ರಿಂಗ್ ಮುಟ್ಟೂದ ಬ್ಯಾಡ್ರಿ ಸರ್. ಕಂಪನಿ ಸ್ಪ್ರಿಂಗ್. ಲುಕ್ ನೋಡ್ರಿ, ಲುಕ್."

ಲುಕ್ ಎನ್ನುವಾಗ ಅವನ ಹುಬ್ಬು ಮೇಲೆ ಹೋಗಿ ಕನ್ನಡಕಕ್ಕೆ ತಾಗುತ್ತಿತ್ತು. ನಾನು ಅಲ್ಲೇ ಅವನ ಹಾಗೆ ಹುಬ್ಬೇರಿಸಿ, "ಲುಕ್ ಸರ್, ಲುಕ್" ಎಂದೆ. ಅಂಗಡಿಯಲ್ಲಿದ್ದವರು ನಕ್ಕರು, ಮಾಲೀಕನೂ ನಕ್ಕ. ನಾನು ಕೇಳಿದ ಪ್ರಶ್ನೆ ಆ ನಗೆಯಲ್ಲಿ ಮುಳುಗಿಹೋಯಿತು. ನನ್ನ ಜನ್ಮದ ಕಥೆಯೇ ಇದು. ನನ್ನ ಮಾತಿನ ಬೆನ್ನ ಹಿಂದೆ ನಾನೇ ಕೋಡಂಗಿಯಾಗಿ ಬಂದು ನಿಲ್ಲುತ್ತೇನೆ.

ನಾಲ್ಕು ಗಾಲಿ ಹಾಕಿಸಿದೆವು. ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಹಳೆಯ ಚಿಕ್ಕ ಗಾಲಿಯೇ ಉಳಿಯಿತು. ಅದು ಯಾರಿಗೂ ಕಾಣುವುದಿಲ್ಲವಲ್ಲ. ಕಾರು ಹಿಮ್ಮಡಿ ಎತ್ತಿ ನಿಂತಂತಾಯಿತು. ಟೈರುಗಳು ಎರಡೂ ಬದಿಗೆ ಸ್ವಲ್ಪ ಹೊರಬಂದಿದ್ದವು, ತಮ್ಮನ ಅಂಗಿ ತೊಟ್ಟ ಪೈಲ್ವಾನನ ತೋಳಿನ ಹಾಗೆ. ಸ್ಟೇರಿಂಗ್ ಬಿಗಿಯಾಯಿತು. ಗೇರು ಬದಲಿಸಿದರೆ ಕಾರು ಸ್ವಲ್ಪ ಯೋಚನೆ ಮಾಡಿ ಆಮೇಲೆ ಮುಂದೆ ಹೋಗುತ್ತಿತ್ತು. ನಾನು, ಅಣ್ಣ ಇಬ್ಬರೇ ಕುಳಿತು ಪರೀಕ್ಷೆ ಮಾಡಿದೆವು. ಎಡಕ್ಕೆ ಪೂರ್ತಿ ತಿರುಗಿಸಿದೆ, ಬಲಕ್ಕೆ ಪೂರ್ತಿ ತಿರುಗಿಸಿದೆ, ಹೆದ್ದಾರಿಗೆ ಹೋಗಿ ಜೋರಾಗಿ ಓಡಿಸಿದೆ, ತಗ್ಗಿನಲ್ಲಿ ಇಳಿಸಿದೆ. ಎಲ್ಲಿಯೂ ತಾಗಲಿಲ್ಲ.

"ನೋಡಿದೆಲ್ಲ? ಸುಮ್ಮ ಸುಮ್ಮನ ಅಂಜತಿ," ಎಂದ ಅಣ್ಣ.

ನಾನೂ ಒಪ್ಪಿಕೊಂಡೆ. ಕನ್ಯೆ ನೋಡಲು ನಮ್ಮ ಮನೆಯ ಕಾರು ಇಬ್ಬರನ್ನೇ ಕೂರಿಸಿಕೊಂಡು ಅದುವರೆಗೆ ಎಲ್ಲಿಗೂ ಹೋಗಿರಲಿಲ್ಲ, ಮುಂದೆಯೂ ಹೋಗುವುದಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಜಗತ್ತಿನಲ್ಲಿ ಖಾಲಿ ಕಾರನ್ನು ಪರೀಕ್ಷೆ ಮಾಡಿ ತೃಪ್ತಿಪಟ್ಟು ಮನೆಗೆ ಹೋಗುವ ಜನ ಬೇರೆ ಕಡೆಯೂ ಇರಬಹುದು. ಆದರೆ ಮರುದಿನ ಅದರಲ್ಲಿ ಎಂಟು ಜನ ತುಂಬುವವರು ನಾವೇ.

ಎಂಟು ಜನ ಏಕೆಂದರೆ, ಕನ್ಯೆ ನೋಡಲು ಒಂದೇ ಗಾಡಿಯಲ್ಲಿ ಹೋಗಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಎರಡು ಗಾಡಿಯಲ್ಲಿ ಹೋದರೆ ಬೀಗರ ನಡುವೆ ಮಾತು ಎರಡಾಗುತ್ತದೆಂದು ಚಿಗವ್ವ ನಂಬುತ್ತಾಳೆ. ಅವಳನ್ನು ನೋಡಲು ನಮ್ಮವರೆಲ್ಲ ಒಂದೇ ಟೆಂಪೋದಲ್ಲಿ ಬಂದಿದ್ದರಂತೆ. ಅದರ ಫಲವಾಗಿ ಕಾಕಾ ಸಿಕ್ಕರು ಎಂಬುದನ್ನು ಅವಳು ಲಾಭದ ಕಡೆಗೆ ಬರೆದುಕೊಂಡಿದ್ದಾಳೆ.

ಹೀಗೆ ಮುಂದಿನ ಸೀಟಿನಲ್ಲಿ ಕಾಕಾ. ಹಿಂದೆ ಚಿಗವ್ವ, ಅಣ್ಣ, ಇಬ್ಬರು ಅತ್ತೆಯರು, ಸಂಬಂಧ ಹೇಳಿದ ಮಧ್ಯಸ್ಥ ಅಜ್ಜ. ಡಿಕ್ಕಿಯಲ್ಲಿ ಬೀಗರಿಗೆಂದು ಒಂದು ಚೀಲ ನಿಂಬೆಹಣ್ಣು. ಬಸವನ ಬಾಗೇವಾಡಿಯಲ್ಲಿ ಚಿಗವ್ವನ ಅಣ್ಣ, ನಾವು ಮಾವ ಎನ್ನುವವರು, ಹತ್ತಿದರು. ಅವರು ಹತ್ತಿದ್ದನ್ನು ಕಾರಿನ ಜೊತೆ ನಾನೂ ಸೊಂಟದಲ್ಲಿ ಅನುಭವಿಸಿದೆ. ಅಣ್ಣ ಅತ್ತೆಯೊಬ್ಬಳ ತೊಡೆಯ ಮೇಲೆ ಅರ್ಧ, ಗಾಳಿಯಲ್ಲಿ ಅರ್ಧ ಕುಳಿತ. ಮದುಮಗನಾಗುವವನಿಗೆ ಅಂಗಿ ಮಡಿಕೆ ಬೀಳಬಾರದೆಂದು ಎಲ್ಲರೂ ಅವನನ್ನು ಕೈಯಲ್ಲಿ ಎತ್ತಿ ಹಿಡಿದಂತಿತ್ತು.

ಊರು ದಾಟಿ ಮುದ್ದೇಬಿಹಾಳದ ದಾರಿ ಹಿಡಿದೆವು. ಮೊದಲ ತಗ್ಗಿನಲ್ಲಿಯೇ ಹಿಂದಿನಿಂದ ಸದ್ದು ಬಂತು. ಕರ್ರ್ ಎಂದು, ಒಣ ಚಪ್ಪಲಿಯನ್ನು ಫರಸಿ ಕಲ್ಲಿಗೆ ತಿಕ್ಕಿದ ಹಾಗೆ.

"ಏ, ಶುರು ಮಾಡಿದೇನು?" ಎಂದಳು ಚಿಗವ್ವ.

"ನಾ ಅಲ್ರಿ ಚಿಗವ್ವ. ಗಾಲಿ."

"ಗಾಲಿ ಅಂತ ಗಾಲಿ. ಒಳ್ಳೆ ಕೆಲಸಕ್ಕ ಹೊಂಟೇವಿ, ಇವತ್ತೊಂದಿನ ನಿನ್ನ ಮಂಗಾಟ ಬಿಡು."

ಹಿಂದೊಮ್ಮೆ ಹೊರ್ತಿಯ ಹತ್ತಿರ ನಾನು ಹಲ್ಲಿನ ನಡುವೆ ಗಾಳಿ ಬಿಟ್ಟು ಪಂಕ್ಚರಿನ ಸದ್ದು ಮಾಡಿದ್ದೆ. ಕಾಕಾ ಕೆಳಗಿಳಿದು ನಾಲ್ಕೂ ಗಾಲಿಗೆ ಒದ್ದು ನೋಡಿದ್ದರು. ಮನೆಯ ಎಲ್ಲ ಸಮಾರಂಭದಲ್ಲೂ ಆ ಕಥೆಯನ್ನು ಅವರೇ ಹೇಳಿ ನಗುತ್ತಿದ್ದರು. ಈಗ ಕಾರೇ ನನ್ನ ಕಸುಬನ್ನು ಕಲಿತು ನನ್ನ ಬೆನ್ನ ಹಿಂದೆ ಕುಳಿತಿತ್ತು.

ಇನ್ನೊಂದು ತಗ್ಗು. ಕರ್ರ್.

"ಲೇ, ಸಾಕು," ಎಂದರು ಕಾಕಾ.

"ಕಾಕಾ, ನನ್ನ ಬಾಯಿ ನೋಡ್ರಿ. ಮುಚ್ಚೇನಿ."

"ಮೂಗಿಲೆ ಮಾಡ್ತಿ ನೀ. ನನಗ ಗೊತ್ತಿಲ್ಲೇನು?"

ಸ್ವಲ್ಪ ಹೊತ್ತಿಗೆ ಮಾವ ಮೂಗು ಏರಿಸಿದರು. "ಏನೋ ಸುಟ್ಟ ವಾಸನಿ ಬರಾಕತ್ತೈತಿ. ರಬ್ಬರ್ ಸುಟ್ಟಂಗ."

"ವಾಸನೀನೂ ಮಾಡಾಕ ಕಲ್ತಾನ ಹಂಗಾರ," ಎಂದಳು ಚಿಗವ್ವ. ಕಾರು ತುಂಬ ನಗು. ನಗುವಾಗ ಎಂಟು ಜನರ ಭಾರ ಒಮ್ಮೆಗೇ ಕುಲುಕಿ ಮತ್ತೆ ಕರ್ರ್ ಎಂದಿತು. ಒಪ್ಪಬೇಕು, ಅದು ಒಳ್ಳೆಯ ಮಾತು. ನಾನು ವೇದಿಕೆಯ ಮೇಲೆ ಅಷ್ಟು ಚುರುಕಾಗಿ ಒಂದೂ ಹೇಳಿಲ್ಲ.

ನಾನು ಬದಿಗೆ ನಿಲ್ಲಿಸಿದೆ. ಎಲ್ಲರನ್ನೂ ಕೆಳಗಿಳಿಸಿ ಹಿಂದಿನ ಎಡಗಾಲಿ ತೋರಿಸಿದೆ. ಟೈರಿನ ಅಂಚು ಈರುಳ್ಳಿ ಸುಲಿದ ಹಾಗೆ ಸುಲಿಯುತ್ತಿತ್ತು. ಆದರೆ ಎಲ್ಲರೂ ಇಳಿದ ಕೂಡಲೇ ಕಾರು ಉಸಿರೆಳೆದುಕೊಂಡು ಮೇಲೆದ್ದುಬಿಟ್ಟಿತ್ತು. ಗಾಲಿಗೂ ತಗಡಿಗೂ ನಡುವೆ ಅಣ್ಣ ಬೆರಳು ತೂರಿಸಿದ.

"ಎಲ್ಲಿ ತಾಗೈತಿ? ಎರಡು ಬೆರಳು ಆರಾಮ ಹೋಗ್ತಾವು."

"ಈಗ ಹೋಗ್ತಾವೋ. ಎಲ್ಲಾರೂ ಕುಂತಾಗ ನೋಡು."

"ಎಲ್ಲಾರೂ ಒಳಗ ಕುಂತ್ರ ಹೊರಗ ನಿಂತು ನೋಡಾವ ಯಾರು? ನೀನ?"

"ಹೂಂ, ನಾನ. ಇಲ್ಲಾ ನೀನ ನೋಡು. ನೀ ಹೊರಗ ನಿಂತ್ರೂ ಗಾಡಿ ಏನ ಹಗರ ಆಗಂಗಿಲ್ಲ."

ಅಣ್ಣನಿಗೆ ಸಿಟ್ಟು ಬಂತು. ಮಧ್ಯಸ್ಥ ಅಜ್ಜ ಗಡಿಯಾರ ನೋಡಿ ರಾಹುಕಾಲಕ್ಕಿಂತ ಮೊದಲು ಹೊಸ್ತಿಲು ದಾಟಬೇಕು ಎಂದ. ನಾನು ಕೈಮುಗಿದು ಕೇಳಿದೆ: ಮಾವ, ಅಣ್ಣ ಇಬ್ಬರೂ ಹಿಂದೆ ಬರುವ ಬಸ್ಸಿಗೆ ಬರಲಿ, ನಿಂಬೆ ಚೀಲವನ್ನು ಬಸ್ಸಿನಲ್ಲೇ ಹಾಕಲಿ. ಚಿಗವ್ವನ ಮುಖ ನೋಡಬೇಕಿತ್ತು. ನಾನು ಸಂಬಂಧಕ್ಕೆ ನೇರವಾಗಿ ಬೆಂಕಿ ಇಟ್ಟಿದ್ದರೂ ಅಷ್ಟು ಕೆಂಪಾಗುತ್ತಿರಲಿಲ್ಲ.

"ಬೇರೆ ಬೇರೆ ಹೋಗಿ ಬಾಗಲಾಗ ನಿಂದ್ರೂದೇನು? ಹತ್ರಿ ಎಲ್ಲಾರೂ. ನೀ ಸುಮ್ಮ ಓಡಸು."

ಓಡಿಸಿದೆ. ಸಾವಕಾಶ ಹೋದರೆ ಅಣ್ಣ ಹಿಂದಿನಿಂದ, "ಎತ್ತಿನ ಬಂಡಿ ಹೊಡ್ಯಾಕತ್ತಿಯೇನ?" ಎನ್ನುತ್ತಿದ್ದ. ಬೇಗ ಹೋದರೆ ಗಾಲಿ ಕರ್ರ್ ಅನ್ನುತ್ತಿತ್ತು. ಮುದ್ದೇಬಿಹಾಳ ಇನ್ನೇನು ಬಂತು ಎನ್ನುವಾಗ ಒಂದು ಕಲ್ವರ್ಟಿನ ಮೇಲೆ ಟೈರು ಸಿಡಿಯಿತು. ಆಗ ಮಾತ್ರ ಯಾರೂ ನಾನು ಮಾಡಿದ್ದು ಎನ್ನಲಿಲ್ಲ.

ಚಿಕ್ಕ ಸ್ಟೆಪ್ನಿ ಹಾಕಿದೆ. ಇಸ್ತ್ರಿ ಮಾಡಿದ ನನ್ನ ಬಿಳಿ ಅಂಗಿಯ ತುಂಬ ಕಪ್ಪು. ಮೂರು ಹೊಳೆಯುವ ದೊಡ್ಡ ಗಾಲಿ, ಒಂದು ತುಕ್ಕು ಹಿಡಿದ ಚಿಕ್ಕ ಗಾಲಿ. ಕಾರು ಹಿಂದಿನ ಎಡಗಡೆಗೆ ವಾಲಿ, ಮುಳ್ಳು ತುಳಿದವನ ಹಾಗೆ ಬೀಗರ ಓಣಿಗೆ ಕುಂಟುತ್ತ ಹೋಯಿತು. ಕಟ್ಟೆಯ ಮೇಲೆ ಹುಡುಗಿಯ ಕಡೆಯವರೆಲ್ಲ ನಿಂತಿದ್ದರು. ಒಬ್ಬೊಬ್ಬರಾಗಿ ನಾವು ಇಳಿಯುತ್ತಲೇ ಇದ್ದೆವು, ಅವರು ನೋಡುತ್ತಲೇ ಇದ್ದರು.

"ಏನಾತ್ರಿ ಗಾಡಿಗೆ?" ಹುಡುಗಿಯ ತಂದೆ ಕೇಳಿದರು.

ಕಾಕಾ ಪೇಟ ಸರಿಮಾಡಿಕೊಂಡರು. "ಏನಿಲ್ರಿ. ನಮ್ಮ ಹುಡುಗ ಒಂದ ತೆಗ್ಗಿನ್ಯಾಗ ಇಳಿಸಿಬಿಟ್ಟ. ಸಣ್ಣಾಂವ, ಲಕ್ಷ್ಯ ಕಡಿಮಿ."

ನಾನು ಕಾಕಾನ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಬೀಗರ ಎದುರಿಗೆ ಮಾನ ಉಳಿಯಬೇಕು, ಮಾತಿನ ಮಟ್ಟಿಗೆ ತಪ್ಪು ಹೊರಲು ಒಬ್ಬರ ತಲೆ ಬೇಕು, ಇರಲಿ ಎಂದುಕೊಂಡೆ. ಹಲ್ಲು ಕಿರಿದು, "ಹೌದ್ರಿ, ತೆಗ್ಗು ಕಾಣಲಿಲ್ಲ," ಎಂದೂ ಸೇರಿಸಿದೆ. ನಟನೆ ನನಗೆ ಹೊಸದಲ್ಲವಲ್ಲ.

ಒಳಗೆ ಚುರುಮುರಿ ಸೂಸಲಾ, ಮಿರ್ಚಿ, ಚಹಾ. ಹೊರಗೆ ಹುಡುಗಿಯ ತಮ್ಮ ಕಾರಿನ ಸುತ್ತ ತಿರುಗುತ್ತಿದ್ದ. ಮೂರು ಗಾಲಿ ನೋಡಿ ನಾಲ್ಕನೆಯದನ್ನು ಮನಸ್ಸಿನಲ್ಲೇ ತುಂಬಿಕೊಂಡು, "ಭಾರಿ ಕಾಣಸ್ತಾವ್ರಿ," ಎಂದ. ಅಣ್ಣ ಅಂದು ನಕ್ಕಿದ್ದು ಅದೊಂದೇ ಸಲ. ಹುಡುಗಿ ಹೊರಗೆ ಬಂದು ಕುಳಿತಳು, ಎದ್ದು ಹೋದಳು. ಸಂಬಂಧ ಅಲ್ಲೇ ಕುದುರಿತು. ಗಾಲಿಯಿಂದ ಕುದುರಿತೋ, ಗಾಲಿ ಇದ್ದರೂ ಕುದುರಿತೋ, ನನಗೆ ಇಂದಿಗೂ ತಿಳಿದಿಲ್ಲ. ಚಿಗವ್ವ ಮಾತ್ರ ಒಂದೇ ಗಾಡಿಯಲ್ಲಿ ಬಂದದ್ದರಿಂದ ಎಂದಳು.

ಮುದ್ದೇಬಿಹಾಳದ ಕಟ್ಟೆಯ ಮೇಲೆ ಹುಟ್ಟಿದ ಆ ಸುಳ್ಳು ಅಲ್ಲೇ ಉಳಿಯುತ್ತದೆ ಎಂದು ತಿಳಿದಿದ್ದೆ. ಅದು ನಮ್ಮ ಜೊತೆಯೇ ಕಾರು ಹತ್ತಿ ಇಂಡಿಗೆ ಬಂತು. ಓಣಿಯಲ್ಲಿ ಯಾರು ಕೇಳಿದರೂ ಕಾಕಾ, "ಹುಡುಗ ತೆಗ್ಗಿನ್ಯಾಗ ಹಾಕಿದ," ಎನ್ನುತ್ತಿದ್ದರು. ಅತ್ತೆಯರು ಸಾಲೋಟಗಿಯಲ್ಲಿ ಹಾಗೆಯೇ ಹೇಳಿದರು, ಮಾವ ಬಾಗೇವಾಡಿಯಲ್ಲಿ ಆ ತಗ್ಗಿನ ಆಳವನ್ನೂ ಕೈಯಲ್ಲಿ ತೋರಿಸಿದರಂತೆ. ನನ್ನ ಅಪ್ಪನೇ ಒಂದು ದಿನ, "ಇನ್ನ ಮ್ಯಾಲೆ ನೋಡಿ ಓಡಸಪಾ," ಎಂದರು.

ಅಣ್ಣನಿಗೆ ಹೊಸ ಕಾರು ಗೊತ್ತುಮಾಡಿದರು. ನಾನು ಕಾದೆ. ಸಿಡಿದ ಟೈರಿನ ಬದಲಿಗೆ ಮತ್ತೊಂದು ದೊಡ್ಡದನ್ನೇ ತಂದು ಹಾಕಿಸಿದಾಗಲೂ ಕಾದೆ. ಕಾರು ಕೈಗೆ ಬಂದ ದಿನವೇ ಹಳೆಯ ಗಾಲಿ ಹಾಕಿಸಿಕೊಂಡರಾಯಿತು ಎಂದುಕೊಂಡೆ. ಒಂದು ಸಂಜೆ ಚಿಗವ್ವ ಅವ್ವನಿಗೆ ಬಾಗಿಲಲ್ಲಿ ನಿಂತು ಹೇಳುವುದು ಕೇಳಿಸಿತು. ಹಳೆಯ ಕಾರನ್ನು ಮುದ್ದೇಬಿಹಾಳಕ್ಕೆ, ಹುಡುಗಿಯ ತಮ್ಮನಿಗೆ ಕೊಡುತ್ತಾರಂತೆ. ಅವನಿಗೆ ಬಹಳ ಮನಸ್ಸಾಗಿದೆಯಂತೆ.

ನಾನು ನೇರವಾಗಿ ಕಾಕಾನ ಬಳಿ ಹೋದೆ.

"ಕಾಕಾ, ಆ ಗಾಡಿ ನನಗ ಅಂದಿದ್ರಿ."

"ಅಂದಿದ್ದೆ. ಆದ್ರ ನಿನ್ನ ಕೈಯಾಗ ಅದು ಒಂದ ಮಳಿಗಾಲ ಉಳಿಯಂಗಿಲ್ಲೋ. ಅವತ್ತ ನೋಡಿದೆವಲ್ಲ."

"ಏನ್ ನೋಡಿದ್ರಿ? ತೆಗ್ಗು ಅಂತ ನೀವ ಹೇಳಿದ್ದು, ಬೀಗರ ಮುಂದ ಮಾನಾ ಉಳೀಲಿ ಅಂತ ನಾ ಹೂಂ ಅಂದೆ. ಮೊದಲಿಂದ ಗಾಲಿ ತಗಡಿಗೆ ಬಡ್ಯಾಕತ್ತಿತ್ತು. ಸಪ್ಪಳಾ ನೀವೂ ಕೇಳೀರಿ."

"ಸಪ್ಪಳಾ ಕೇಳೇನಿ. ಅದನ್ನ ಮಾಡಾವ ನೀ. ಎಲ್ಲಾರೂ ಕೇಳೇವಿ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಕೊಂದದ್ದು. ಸುಳ್ಳು ಹೇಳುವವನ ಮುಖ ನನಗೆ ಚೆನ್ನಾಗಿ ಗೊತ್ತು, ಹತ್ತು ರೀತಿ ಮಾಡಿ ತೋರಿಸಬಲ್ಲೆ. ಕಾಕಾ ನಿಜವಾಗಿಯೂ ಹಾಗೆ ನಂಬಿದ್ದರು. ಮಧ್ಯಸ್ಥ ಅಜ್ಜನನ್ನು ಕೇಳೋಣ ಎಂದೆ. ಅಜ್ಜ ಕಿವಿಯ ಹಿಂದೆ ಕೈಯಿಟ್ಟು, ತನಗೆ ಈಚೆಗೆ ಸರಿಯಾಗಿ ಕೇಳಿಸುವುದಿಲ್ಲ ಎಂದ. ರಾಹುಕಾಲ ಮಾತ್ರ ಅವನಿಗೆ ಒಂದು ಫರ್ಲಾಂಗಿನಿಂದ ಕೇಳಿಸುತ್ತದೆ.

ಕಾರನ್ನು ಮುದ್ದೇಬಿಹಾಳಕ್ಕೆ ಮುಟ್ಟಿಸುವ ಕೆಲಸವೂ ನನಗೇ ಬಂತು. ಬೇರೆ ಯಾರಿಗೆ ಓಡಿಸಲು ಬರುತ್ತದೆ? ಒಲ್ಲೆ ಎನ್ನಬಹುದಿತ್ತು. ಅಪ್ಪ, "ಕೊಟ್ಟು ಬಂದುಬಿಡು, ಮನಿತನದ ಮಾತು," ಎಂದರು. ಒಬ್ಬನೇ ಹೋದೆ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಕಾರು ಒಂದೂ ಸದ್ದು ಮಾಡಲಿಲ್ಲ. ಆ ತಗ್ಗುಗಳನ್ನೆಲ್ಲ ಹುಡುಕಿ ಹುಡುಕಿ ಇಳಿಸಿದೆ. ಕಲ್ವರ್ಟಿನ ಮೇಲೆ ಬೇಕೆಂದೇ ಜೋರಾಗಿ ಹೋದೆ. ಅದು ಮದುವೆಗೆ ಬಂದ ಹಿರಿಯರ ಹಾಗೆ ಗಂಭೀರವಾಗಿ ಸಾಗಿತು.

ಹುಡುಗಿಯ ತಮ್ಮ ಕೀಲಿ ಇಸಿದುಕೊಂಡು ಕೇಳಿದ: "ಏನರೆ ತ್ರಾಸ ಐತೇನ್ರಿ ಗಾಡ್ಯಾಗ?"

"ನಾಕು ಮಂದಿಗಿಂತ ಹೆಚ್ಚಿಗೆ ಕುಂದ್ರಸಬ್ಯಾಡ್ರಿ. ಸ್ಪ್ರಿಂಗ್ ಹಳೇವು, ಗಾಲಿ ದೊಡ್ಡವು. ಭಾರ ಬಿದ್ರ ತಾಗ್ತಾವು."

"ನಮ್ಮ ಮನ್ಯಾಗ ಇರೂದ ಒಂಬತ್ತು ಮಂದಿ ಅಲ್ರಿ," ಎಂದು ಅವನು ನಕ್ಕ. ಮನೆಯವರೂ ನಕ್ಕರು. "ಇವರು ಭಾರಿ ಚೇಷ್ಟಿ ಮಾಡ್ತಾರಂತ, ಇವರ ಕಾಕಾ ಹೇಳ್ಯಾರ. ಏನರೆ ಒಂದು ಮಾಡಿ ತೋರಸ್ರೆಲಾ."

ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೊರಬಿದ್ದೆ.

ಹೊಸ ಕಾರಿನಲ್ಲಿ ಲಗ್ನಪತ್ರಿಕೆ ಹಂಚಲು ಕಾಕಾ ನನ್ನನ್ನು ಕರೆದರು. ನಾನು ಹೋಗಲಿಲ್ಲ. ಅಣ್ಣನೇ ಓಡಿಸಿದ, ಎಮ್ಮೆಗಳು ಒಂದು ವಾರ ರಸ್ತೆಯಲ್ಲಿ ರಾಜರ ಹಾಗೆ ಓಡಾಡಿದವು. ಎರಡು ಮನೆಯ ನಡುವಿನ ಓಣಿ ಅಗಲವಾದಂತಾಯಿತು. ಚಿಗವ್ವ ನನಗೆ ಸೊಕ್ಕು ಬಂದಿದೆ ಎಂದು ಅವ್ವನಿಗೆ ಹೇಳಿ ಕಳಿಸಿದಳು, ಎದುರು ಬಾಗಿಲಿನಿಂದ, ಇನ್ನೊಬ್ಬರ ಕೈಯಲ್ಲಿ.

ಮದುವೆ ಮುದ್ದೇಬಿಹಾಳದಲ್ಲಿ ಆಯಿತು. ಆರತಕ್ಷತೆಗೆ ಹುಡುಗಿಯ ಕಡೆಯವರು ವಿಜಯಪುರದಿಂದ ಒಬ್ಬ ಮಿಮಿಕ್ರಿಯವನನ್ನು ಕರೆಸಿದ್ದರು. ಮನೆಯಲ್ಲೇ ಒಬ್ಬನಿದ್ದಾನೆ ಎಂದು ಕಾಕಾ ಹೇಳಲಿಲ್ಲವೋ, ಹೇಳಿದರೂ ಅವರು ಕೇಳಲಿಲ್ಲವೋ. ಅವನು ತನ್ನದೇ ಕಾರಿನಲ್ಲಿ ಬಂದಿದ್ದ, ಸ್ಪೀಕರು ಹಿಂದಿನ ಸೀಟಿನ ಮೇಲೆ ಅವನಿಗಿಂತ ಆರಾಮವಾಗಿ ಕುಳಿತು ಬಂದಿತ್ತು. ಅವನ ಟ್ರ್ಯಾಕ್ಟರು ಸಾಧಾರಣ. ಕುಕ್ಕರು ಬರುವುದೇ ಇಲ್ಲ. ಆದರೂ ಮಂಟಪ ತುಂಬ ನಗು, ಕಾಕಾ ಶಲ್ಯದಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಾನು ಕೊನೆಯ ಸಾಲಿನಲ್ಲಿ ಕುಳಿತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಆಮೇಲೆ ಊಟಕ್ಕೆ ನಿಲ್ಲದೆ ಬಸ್ ನಿಲ್ದಾಣದ ಕಡೆ ನಡೆದೆ.